ನೀರು ನಿಲ್ಲಿಸಿದ ಶೆಡ್ಡು

ಪಾಲಿಶಣ್ಣನಿಗೆ ಮಲಗಿ ನಿದ್ದೆ ಮಾಡಲು ಆಗುತ್ತಿರಲಿಲ್ಲ. ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಎರಡೂ ತೋಳು ಊರಿ, ಮುಂದಕ್ಕೆ ಬಾಗಿ ಕೂತರೆ ಮಾತ್ರ ಉಸಿರು ಒಳಗೆ ಹೋಗುತ್ತಿತ್ತು. ಗುಂಪಿಗೆ ಬರುವ ಬಹಳ ಮಂದಿಯ ಪಾಡು ಹಾಗೆಯೇ. ಅದಕ್ಕೇ ಸಿಸ್ಟರ್ ಪ್ರತಿ ಗುರುವಾರ ಎಲ್ಲರೆದುರೂ ಒಂದೊಂದು ದಿಂಬು ಇಡುತ್ತಿದ್ದಳು. ಹಳೆಯ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿದು ತಂದದ್ದು.

ಶ್ವಾಸಕೋಶದ ಕ್ಯಾನ್ಸರ್ ಆದವರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೂತು ಮಾತಾಡುವ ಗುಂಪು ಅದು. ನಮ್ಮ ಮನೆಯವರು ಇರುವ ತನಕ ಅವರ ಜೊತೆ ಹೋಗುತ್ತಿದ್ದೆ. ಅವರು ಹೋದ ಮೇಲೆ ಸಿಸ್ಟರ್, "ಬರೋದು ನಿಲ್ಲಿಸ್ಬೇಡಿ ಟೀಚರಮ್ಮ, ಬಿಸಿನೀರು ಕೊಡೋಕೆ ನಂಗೊಂದು ಕೈ ಬೇಕು" ಅಂದಳು. ಹೋಗಲು ನನಗೊಂದು ಜಾಗ ಬೇಕಿತ್ತೆಂದು ಅವಳಿಗೆ ತಿಳಿದಿತ್ತು.

ಗುಂಪಿನಲ್ಲಿ ಮೂವರು ಒಂದೇ ಶೆಡ್ಡಿನವರು. ಕಲ್ಲು ಕೊಯ್ದು ಚಪ್ಪಡಿ ಪಾಲಿಶ್ ಮಾಡುವವರು. ಪಾಲಿಶಣ್ಣ, ಉದ್ದಣ್ಣ, ಮತ್ತೆ ಬಾಯಿ ಬಿಡದ ಮೌನಿ. ಮೂವರ ಆಸ್ಪತ್ರೆ ಚೀಟಿಯಲ್ಲೂ ಧೂಮಪಾನಿ ಎಂದೇ ಬರೆದಿತ್ತು.

ಒಂದು ಗುರುವಾರ ಸಿಸ್ಟರ್ ಸಿಗರೇಟಿನ ಚಪಲ ಬಿಡಿಸುವ ಪಾಠಕ್ಕೆ ಕೂತಳು. ಎಲ್ಲರಿಗೂ ಪೆನ್ಸಿಲ್ ಹಂಚಿದಳು.

"ಸಿಗರೇಟು ಹಿಡ್ಕೊಳ್ಳೋ ಹಾಗೇ ಹಿಡ್ಕೊಳ್ಳಿ. ಆಸೆ ಬಂದಾಗ ಬೆರಳಿಗೆ ಇದನ್ನ ಕೊಡಿ. ಬೆರಳು ಸುಮ್ಮನಾಗುತ್ತೆ."

ಪಾಲಿಶಣ್ಣ ಪೆನ್ಸಿಲನ್ನು ಉಳಿಯ ಹಾಗೆ ಮುಷ್ಟಿಯಲ್ಲಿ ಹಿಡಿದ. ಉದ್ದಣ್ಣ ಬರೆಯಲು ಹೊರಟವನ ಹಾಗೆ ಹಿಡಿದ.

"ಏನಣ್ಣ, ಸಹಿ ಹಾಕ್ತೀರಾ?" ಅಂದಳು ಸಿಸ್ಟರ್.

ಉದ್ದಣ್ಣ ಪಕ್ಕದಲ್ಲಿದ್ದ ಪಾಲಿಶಣ್ಣನ ಕಡೆ ನೋಡಿದ. "ಅಲ್ಲ ಕಣೋ, ದಿನಾ ಪ್ಯಾಕ್‌ಗಟ್ಲೆ ಸೇದ್ತಿದ್ದೆ ಅಂತ ಬರೆಸಿದ್ದೀಯಂತೆ. ಇಷ್ಟು ವರ್ಷದಲ್ಲಿ ನಿನ್ನ ಬಾಯಲ್ಲಿ ಒಂದೂ ನೋಡಿಲ್ವಲ್ಲ."

"ನೀನು ಮಹಾ ಸೇದಿದ್ಯೇನೋ?"

"ನಾನಾ? ನಂಗೆ ಒಲೆ ಹೊಗೆಗೇ ಕಣ್ಣೀರು ಸುರಿಯುತ್ತೆ."

ಎಲ್ಲರೂ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಹತ್ತಿತು. ಕೆಮ್ಮು ಇಳಿಯುವ ಹೊತ್ತಿಗೆ ಯಾರ ಮುಖದಲ್ಲೂ ನಗು ಇರಲಿಲ್ಲ.

"ಮತ್ಯಾಕಣ್ಣ ಹಾಗೆ ಬರೆಸಿದ್ರಿ?" ಸಿಸ್ಟರ್ ಮೆಲ್ಲಗೆ ಕೇಳಿದಳು.

"ಮೇಸ್ತ್ರಿ ಹೇಳ್ದ," ಅಂದ ಪಾಲಿಶಣ್ಣ. "ಧೂಳು ಅಂತ ಬಾಯಿ ಬಿಟ್ರೆ ಶೆಡ್ಡಿಗೆ ಬೀಗ ಬೀಳುತ್ತೆ, ಎಲ್ಲರ ಹೊಟ್ಟೆ ಮೇಲೆ ಹೊಡೀತೀಯ ಅಂದ. ನಂದೊಬ್ಬಂದು ತಾನೆ, ಹೋದ್ರೆ ಹೋಗ್ಲಿ ಅಂತ..."

"ನಂಗೂ ಅದನ್ನೇ ಹೇಳ್ದ," ಅಂದ ಉದ್ದಣ್ಣ. ಮೌನಿ ತಲೆಯಾಡಿಸಿದ.

ಉಳಿದವರ ಅನ್ನ ಉಳಿಯಲಿ ಎಂದು ತಾನೊಬ್ಬನೇ ಸುಳ್ಳು ಹೇಳಿದೆ ಅಂತ ಒಬ್ಬೊಬ್ಬನೂ ತಿಳಿದಿದ್ದ.

"ಮೊದಲು ಮಷೀನಿಗೆ ನೀರು ಬಿಡ್ತಿದ್ರು ಸಿಸ್ಟರ್. ಧೂಳು ಕೆಸರಾಗಿ ಕೆಳಗೆ ಬೀಳ್ತಿತ್ತು. ಕಲ್ಲು ಒಣಗೋಕೆ ತಡ ಆಗುತ್ತೆ ಅಂತ ಧಣಿ ನಿಲ್ಲಿಸ್ದ." ಪಾಲಿಶಣ್ಣ ದಿಂಬಿನ ಮೇಲೆ ಇನ್ನಷ್ಟು ಬಾಗಿದ. "ಈಗ ನನ್ನ ಜಾಗದಲ್ಲಿ... ನನ್ನ ಮಗಳು ನಿಂತಿದ್ದಾಳೆ."

ಚೀಟಿ ತಿದ್ದಿಸಿ ಧೂಳು ಅಂತ ಬರೆಸಲು ಸಿಸ್ಟರ್ ಆಸ್ಪತ್ರೆಯ ಸೂಪರಿಂಟೆಂಡೆಂಟರ ಹತ್ತಿರ ಹೋದಳು. ನಾನೂ ಹೋದೆ.

"ನೋಡಮ್ಮ, ರೋಗಿ ತಾನಾಗೇ ಹೇಳಿದ್ದು. ಈಗ ಬದಲಾಯಿಸಿ ಅಂದ್ರೆ ಹೇಗೆ?" ಅಂದರು ಅವರು. "ನಿನ್ನ ಗುಂಪು ಇರೋದು ಸಮಾಧಾನ ಹೇಳೋಕೆ. ಊರ ಮೇಲೆ ದೂರು ಹೇಳೋಕಲ್ಲ."

ಅವರ ಕಾಲಡಿಯ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಸ ಕಟ್ಟಡದ ಕಲ್ಲೆಲ್ಲ ಆ ಧಣಿಯೇ ದಾನ ಕೊಟ್ಟದ್ದು. ಪಾಲಿಶ್ ಮಾಡಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

"ಸಮಾಧಾನಾನೇ ಸರ್ ಅವರು ಕೇಳ್ತಿರೋದು," ಅಂದಳು ಸಿಸ್ಟರ್. "ಮಗಳು ಬದುಕ್ತಾಳೆ ಅನ್ನೋದೊಂದು."

ಮುಂದಿನ ಗುರುವಾರ ನಮ್ಮ ಕೋಣೆಗೆ ಬೀಗ ಬಿದ್ದಿತ್ತು. ಸಿಸ್ಟರನ್ನು ಬೇರೆ ವಾರ್ಡಿಗೆ ಹಾಕಿದ್ದರು. ಮೌನಿ ಆ ವಾರವೇ ತೀರಿಕೊಂಡಿದ್ದ. ಸಿಸ್ಟರ್ ಯೂನಿಫಾರ್ಮ್ ಇಲ್ಲದೆ ಬಂದಳು, ಕಂಕುಳಲ್ಲಿ ದಿಂಬು.

"ಇವತ್ತು ನಂಗೆ ರಜೆ. ಎಲ್ಲಿ ಕೂರೋಣ ಅಣ್ಣ?"

"ಶೆಡ್ಡಲ್ಲಿ," ಅಂದ ಪಾಲಿಶಣ್ಣ.

ಉದ್ದಣ್ಣನನ್ನೂ ಕೂರಿಸಿಕೊಂಡು ಗಾಡಿ ಮಾಡಿಕೊಂಡು ಹೋದೆವು. ಪಾಲಿಶಣ್ಣನ ಆಕ್ಸಿಜನ್ ಸಿಲಿಂಡರನ್ನು ಮಗುವಿನ ಹಾಗೆ ನಾನು ಅಪ್ಪಿಕೊಂಡು ಕೂತಿದ್ದೆ.

ಶೆಡ್ಡಿನೊಳಗೆ ಮಂಜು ಕವಿದಂತಿತ್ತು. ಮಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಚಪ್ಪಡಿಯ ಮೇಲೆ ಬಾಗಿದ್ದಳು. ಹುಬ್ಬು, ರೆಪ್ಪೆ, ತಲೆ ಎಲ್ಲ ಬೆಳ್ಳಗೆ. ಒಂದು ಗಳಿಗೆ ನನ್ನ ವಯಸ್ಸಿನವಳಂತೆ ಕಂಡಳು. ಪಾಲಿಶಣ್ಣ ಗೋಡೆ ಹಿಡಿದುಕೊಂಡು ಹೋಗಿ ಅವಳ ಮಷೀನಿನ ಸ್ವಿಚ್ ಆರಿಸಿದ.

"ಅಪ್ಪ, ಇಲ್ಲಿಗ್ಯಾಕೆ ಬಂದೆ? ಧೂಳು."

"ನಂಗಿನ್ನೇನು ಆಗ್ಬೇಕು. ಹೇಳೋಕೆ ಬಂದೆ... ನಾನು ಸಿಗರೇಟು ಮುಟ್ಟಿದವನಲ್ಲ."

"ನಂಗೊತ್ತಿಲ್ವೇನಪ್ಪ ಅದು."

"ಗೊತ್ತಿದ್ದೂ ಇಲ್ಲಿ ನಿಂತಿದ್ದೀಯಲ್ಲವ್ವ."

ಪಕ್ಕದ ಮಷೀನು ನಿಂತಿತು. ಉದ್ದಣ್ಣ ಆಚೆ ಸಾಲಿನಲ್ಲಿ ಏನೋ ಹೇಳುತ್ತಾ ನಡೆಯುತ್ತಿದ್ದ. ಅಲ್ಲೂ ಒಂದೊಂದಾಗಿ ನಿಂತವು. ಸಿಸ್ಟರ್ ಪಾಲಿಶಣ್ಣನನ್ನು ಕೂರಿಸಿ, ಮೂಗಿನ ನಳಿಕೆ ಸರಿ ಮಾಡಿದಳು.

ಮೇಸ್ತ್ರಿ ಬಾಗಿಲಿಗೆ ಬಂದ. "ಯಾರು ನಿಲ್ಸಿದ್ದು? ಮಷೀನ್ ಹಾಕ್ರೋ."

"ನೀರು ಬಿಡಿ, ಹಾಕ್ತೀವಿ," ಅಂದಳು ಮಗಳು.

"ನೀರಿಲ್ದಿದ್ರೆ ಏನಾಗುತ್ತೆ? ನಿಮ್ಮಪ್ಪಂಗೆ ಸಿಗರೇಟಿಂದ ಆಗಿದ್ದು."

ಅವಳು ಬಾಯಿಯ ಬಟ್ಟೆ ಬಿಚ್ಚಿದಳು. ಗ್ಲೌಸ್ ಕಳಚಿ ಚಪ್ಪಡಿಯ ಮೇಲಿಟ್ಟಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಏನೂ ಆಗಲ್ಲ ಅಂದ್ರೆ ಬನ್ನಿ ಮೇಸ್ತ್ರಿ. ಊಟದ ಹೊತ್ತಿನ ತನಕ ನೀವೇ ನಿಂತ್ಕೊಳ್ಳಿ."

ಶೆಡ್ಡಿನವರೆಲ್ಲ ಅವನತ್ತ ತಿರುಗಿದರು. ಮೇಸ್ತ್ರಿ ಹೊಸಿಲು ದಾಟಲಿಲ್ಲ. ಅಲ್ಲೇ ನಿಂತಿದ್ದ, ಮೂಗಿಗೆ ಕರ್ಚೀಫು ಒತ್ತಿಕೊಂಡು.