ಶಂಭುವಿನ ಕಬ್ಬಿಣದ ಚೈನು

ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಜಯಪ್ರಕಾಶ ಅದನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತ ಶಾಮಿಯಾನದ ಕಂಬದ ಬಳಿ ನಿಂತಿದ್ದ. ಬದಲಾಯಿಸಿದಾಗಲೆಲ್ಲ ಒಳಗಿನಿಂದ ಝಣ್ ಎಂದು ಸದ್ದು. ಸಾವಿನ ಮನೆಗೆ ಬಂದವನ ಚೀಲದಿಂದ ಬರುವ ಸದ್ದೇ ಅದು? ಒಬ್ಬಿಬ್ಬರು ತಿರುಗಿ ನೋಡಿದರು.

"ಎಂತ ಉಂಟು ಅದರಲ್ಲಿ?" ಎಂದು ರುಕ್ಮಯ್ಯ ಕೇಳಿದರು. ಇವರು ತೀರಿಕೊಂಡ ಶಂಭುವಿನ ಭಾವ, ಅವನ ಹೆಂಡತಿ ಲೋಲಾಕ್ಷಿಯ ಅಣ್ಣ. ಬೆಳಗ್ಗಿನಿಂದ ಈ ಮನೆಯ ಯಜಮಾನಿಕೆ ಅವರದೇ. ಕುರ್ಚಿ ತರಿಸಿದ್ದು, ಸೌದೆಗೆ ಹೇಳಿದ್ದು, ಹೆಣ ಇಟ್ಟ ಫ್ರೀಜರ್ ಪೆಟ್ಟಿಗೆಗೆ ಕರೆಂಟು ಎಳೆಸಿದ್ದು ಎಲ್ಲ ಅವರೇ.

"ಎಂತ ಇಲ್ಲ. ಅಂಗಡಿಯ ಸಾಮಾನು."

"ಬಿ.ಸಿ.ರೋಡಿನಿಂದ ನಾರಾವಿಯವರೆಗೆ ಹೊತ್ತುಕೊಂಡು ಬಂದ್ರಾ? ಕೊಡಿ, ಒಳಗೆ ಇಡಿಸ್ತೇನೆ."

"ಬೇಡ. ನನ್ನ ಹತ್ರವೇ ಇರ್ಲಿ."

ಹಾಗೆಂದನೇ ಹೊರತು, ಅದು ತನ್ನ ಹತ್ತಿರ ಇರುವುದೇ ಅವನಿಗೆ ಸಂಕಟ. ಚೀಲದಲ್ಲಿದ್ದದ್ದು ಶಂಭುವಿನ ಸೊತ್ತು. ರಿಮೋಟಿನಿಂದ ಓಡುವ ಆಟದ ಯುದ್ಧಟ್ಯಾಂಕಿನ ಚಕ್ರಗಳ ಸುತ್ತ ಹಾಕುವ ಲೋಹದ ಚೈನು, ಒಂದು ಜೊತೆ. ಜಯಪ್ರಕಾಶನ ಅಂಗಡಿಯ ವಿಳಾಸಕ್ಕೆ ಅದು ಬಂದು ಮೂರು ತಿಂಗಳಾಗಿತ್ತು. ಶಂಭುವಿಗೆ ಮಾತ್ರ ಇನ್ನೂ ಬಂದಿಲ್ಲ ಎಂದು ಸುಳ್ಳು ಹೇಳಿದ್ದ. ಬೆಳಿಗ್ಗೆ ಆರಕ್ಕೆ ಶಂಭುವಿನ ಜೊತೆಗಾರ ಫಯಾಝ್ ಫೋನ್ ಮಾಡಿ, "ಶಂಭಣ್ಣ ಹೋದ್ರು. ಮಲಗಿದವರು ಏಳ್ಲಿಲ್ಲ" ಎಂದಾಗ ಈ ಮಹಾಶಯ ಅಳುವ ಮೊದಲು ಮಾಡಿದ ಕೆಲಸವೆಂದರೆ, ಸ್ಕ್ರೂಡ್ರೈವರ್ ಹುಡುಕಿ ತನ್ನ ಬಳಿಯಿದ್ದ ಅಂಥದೇ ಟ್ಯಾಂಕಿನಿಂದ ಆ ಚೈನನ್ನು ಬಿಚ್ಚಿದ್ದು. ನೋಡಿದರೆ ಕೊಂಡಿಗಳ ಕಪ್ಪು ಬಣ್ಣವೆಲ್ಲ ಸವೆದು ಬಿಳಿ ಲೋಹ ಹೊಳೆಯುತ್ತಿತ್ತು. ಹೊಸದೆಂದು ಹೇಳಿದರೆ ಮಕ್ಕಳೂ ನಂಬಲಾರರು.

ಶಂಭುವನ್ನು ಎತ್ತುವ ಮೊದಲು ಯಾರಿಗೂ ತಿಳಿಯದಂತೆ ಇದನ್ನು ಅವನ ಟ್ಯಾಂಕಿಗೆ ಹಾಕಿಬಿಡಬೇಕು. ಅಷ್ಟಾದರೆ ನೆಮ್ಮದಿಯಾಗಿ ಒಂದು ಮೂಲೆಯಲ್ಲಿ ಕೂತು ಅಳಬಹುದು. ಶಂಭುವಿನ ಮಗಳು ತೃಪ್ತಿ ಮಸ್ಕತ್ತಿನಿಂದ ಬಂದು ಮುಟ್ಟುವಾಗ ಎರಡು ಗಂಟೆ ಎನ್ನುತ್ತಿದ್ದರು. ಈಗ ಹನ್ನೊಂದೂವರೆ.

"ಶಂಭುವಿನ ಆ ಟ್ಯಾಂಕ್ ಎಲ್ಲಿ ಉಂಟು?" ಎಂದು ಆದಷ್ಟು ಸಲೀಸಾಗಿ ಕೇಳಿದ.

ರುಕ್ಮಯ್ಯ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅರುವತ್ತೆರಡು ವರ್ಷದವನಿಗೆ ಆಟದ ಸಾಮಾನು. ಬದುಕಿದ್ದಾಗಲೇ ನನಗೆ ಅದನ್ನು ಕಂಡ್ರೆ ಆಗ್ತಿರ್ಲಿಲ್ಲ. ಈಗ ನಿಮಗೆ ಯಾಕೆ ಅದು?"

ಜಯಪ್ರಕಾಶ ಚೀಲವನ್ನು ಮತ್ತೆ ಎಡಗೈಗೆ ಬದಲಾಯಿಸಿದ.

*

ಶಂಭು ಮತ್ತು ಜಯಪ್ರಕಾಶರ ಗುರುತಾದದ್ದು ಸುಟ್ಟುಹೋದ ಒಂದು ವೈಪರ್ ಮೋಟಾರಿನಿಂದ. ಜಯಪ್ರಕಾಶನದು ಬಿ.ಸಿ.ರೋಡಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಶಂಭು ಮೂಡುಬಿದಿರೆ, ನಾರಾವಿ, ಬೆಳ್ತಂಗಡಿ ಎಂದು ಮೂವತ್ತೊಂದು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವ. ಅವನು ಮೋಟಾರ್ ತಂದ ದಿನ ಮೇಜಿನ ಮೇಲೆ ಎರಡು ಟ್ಯಾಂಕುಗಳಿದ್ದವು. ಕುವೈತಿನಿಂದ ಬಂದವರೊಬ್ಬರು ಮಕ್ಕಳಿಗೆಂದು ತಂದು, ಮಕ್ಕಳು ಮೂಸಿಯೂ ನೋಡದೆ ಇದ್ದದ್ದಕ್ಕೆ ಅಲ್ಲೇ ಬಿಟ್ಟುಹೋಗಿದ್ದರು. ಒಂದೊಂದೂ ಮೊಳದುದ್ದ. ಶಂಭು ಒಂದನ್ನು ಅಂಗಡಿಯ ಮುಂದೆ ಹಿಂದಕ್ಕೆ ಮುಂದಕ್ಕೆ ಓಡಿಸಿದ. ಅಲ್ಲಿಗೆ ಕೆಲಸ ಕೆಟ್ಟಿತು. ಒಂದು ಅವನಿಗೆ, ಒಂದು ಇವನಿಗೆ.

ಸಕ್ಕರೆ ಕಾಯಿಲೆಯ ನೆಪದಲ್ಲಿ ಮಾಲಕರು ಬಸ್ಸು ಬಿಡಿಸಿದ ಮೇಲೆ ಶಂಭುವಿಗೆ ಓಡಿಸಲು ಉಳಿದದ್ದು ಅದೊಂದೇ. ಹೋದ ವರ್ಷ ಅವನು ಅಂಗಡಿಗೆ ಬಂದ. ಅದೇ ಬಸ್ಸಿನ ಕಂಡಕ್ಟರಾಗಿದ್ದ ಫಯಾಝ್ ಕೈಹಿಡಿದು ಕರೆತಂದಿದ್ದ. ಕೂತವನೇ, "ನನ್ನ ಟ್ಯಾಂಕಿಗೆ ಕಬ್ಬಿಣದ ಚೈನು ಹಾಕುವ" ಎಂದ.

ಜಯಪ್ರಕಾಶ ಲೆಕ್ಕ ಹಾಕದೆ ಚಹಾವನ್ನೂ ಕುಡಿಯುವ ಜನವಲ್ಲ. ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಹಿಂಬದಿಯಲ್ಲಿ ಬರೆಯತೊಡಗಿದ.

"ನೋಡು, ಚೈನು ಆರೂವರೆ ಸಾವಿರ. ಅದನ್ನು ಎಳೆಯುವ ಹಲ್ಲಿನ ಚಕ್ರ ಲೋಹದ್ದು ಮೂರು. ಉಳಿದ ಚಕ್ರ ನಾಲ್ಕು. ಸ್ಟೀಲಿನ ಗೇರ್‌ಬಾಕ್ಸ್ ಐದು. ಹದಿನೆಂಟೂವರೆ ಆಯ್ತು. ಇನ್ನು ಸ್ವಲ್ಪ ಹಾಕಿದ್ರೆ ಎಲ್ಲ ಲೋಹದ್ದೇ ಇರುವ ಹೊಸ ಟ್ಯಾಂಕ್ ಬರ್ತದೆ ಮಾರಾಯ. ಹಳೆಯದಕ್ಕೆ ಯಾಕೆ ಸುರಿಯುವುದು?"

"ನನಗೆ ಚೈನು ಮಾತ್ರ ಸಾಕು."

"ಬರೀ ಚೈನು ಹಾಕಿದ್ರೆ ಅದರ ಭಾರಕ್ಕೆ ಪ್ಲಾಸ್ಟಿಕ್ ಗೇರಿನ ಹಲ್ಲು ಉದುರ್ತದೆ. ಡ್ರೈವರಿಗೆ ಇದನ್ನು ಹೇಳಿಕೊಡ್ಬೇಕಾ? ಮೊದಲು ಗೇರ್‌ಬಾಕ್ಸ್ ಮಾಡುವ. ಚೈನು ಬರುವ ವರ್ಷ."

"ಬರುವ ವರ್ಷಕ್ಕೆ ಕಾಯ್ಲಿಕ್ಕೆ ಆಗುವುದಿಲ್ಲ."

"ಯಾಕೆ? ಯುದ್ಧ ಉಂಟಾ?"

ಮೇಜಿನ ಮೇಲೆ ನಮೂನೆಗೆಂದು ತರಿಸಿದ್ದ ಎರಡು ಕೊಂಡಿಗಳಿದ್ದವು. ಶಂಭು ಕೈಯಾಡಿಸಿ ಅವನ್ನು ಹುಡುಕಿ, ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಾಗಿಸಿದ. ಮತ್ತೊಮ್ಮೆ ತಾಗಿಸಿದ. ಪ್ರಾಯವಾದವನ ಹುಚ್ಚು ಎಂದು ಜಯಪ್ರಕಾಶ ನಕ್ಕುಬಿಟ್ಟ. ಆಮೇಲೆ ಏಳು ತಿಂಗಳು ಫೋನಿನಲ್ಲಿ ಇದೇ ಜಗಳ. ಕೊನೆಗೆ ಸೋತು, "ನಿನ್ನ ಹಟ, ನಿನ್ನ ದುಡ್ಡು" ಎಂದು ತರಿಸಿದ್ದ.

*

"ಅದು ಶಂಭಣ್ಣನ ಚೈನಾ ಜಯಪ್ರಕಾಶಣ್ಣ?"

ಫಯಾಝ್ ಪಕ್ಕದ ಕುರ್ಚಿಗೆ ಬಂದು ಕೂತಿದ್ದ. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು.

"ಹ್ಞೂಂ. ನಿನ್ನೆ ಬಂತು." ಸತ್ತವನ ಅಂಗಳದಲ್ಲಿ ಕೂತೂ ಬಾಯಿಗೆ ಸುಳ್ಳೇ ಮೊದಲು ಬಂತು.

"ಒಂದು ವಾರ ಮೊದಲು ಬರ್ತಿದ್ರೆ ಅದರ ಗಂಟು ಎಂತ ಹೋಗ್ತಿತ್ತು? ಕಣ್ಣು ಹೋದ ಮೇಲೆ ಶಂಭಣ್ಣನಿಗೆ ಇದ್ದದ್ದು ಅದೊಂದೇ ಆಸೆ."

"ಯಾರ ಕಣ್ಣು?"

ಫಯಾಝ್ ಅವನನ್ನೇ ನೋಡಿದ. "ನಿಮಗೆ ಕಡೆಗೂ ಹೇಳ್ಲಿಲ್ವಾ? ಸಕ್ಕರೆಯಲ್ಲಿ ಹೋದದ್ದು. ಬಲಗಣ್ಣು ಹೋಗಿ ಎರಡು ವರ್ಷ ಆಯ್ತು. ಎಡಗಣ್ಣಿಗೆ ಬೆಳಕು ಯಾವುದು ಕತ್ತಲೆ ಯಾವುದು ಅಂತ ಮಾತ್ರ. ಅಂಗಡಿಗೆ ನಾನೇ ಕೈಹಿಡಿದು ಕರ್ಕೊಂಡು ಬರ್ಲಿಲ್ವಾ? ಡ್ರೈವರ್ ಕುರುಡನಾದ ಅಂತ ಜಯಪ್ರಕಾಶನಿಗೆ ಗೊತ್ತಾದ್ರೆ ಮರ್ಯಾದೆ ಹೋಗ್ತದೆ, ನೀನು ಬಾಯಿ ಬಿಡ್ಬೇಡ ಅಂದಿದ್ರು."

"ಮತ್ತೆ ಚೈನು?"

"ಪ್ಲಾಸ್ಟಿಕಿನದ್ದಕ್ಕೆ ಸದ್ದೇ ಇಲ್ಲ. ಟ್ಯಾಂಕ್ ಎಲ್ಲಿಗೆ ಹೋಯ್ತು ಅಂತ ಅವರಿಗೆ ಗೊತ್ತಾಗುವುದು ಹೇಗೆ? ಎರಡು ಸಲ ಅಂಗಳದ ಆಚೆಯ ತೋಡಿನ ನೀರಿಗೆ ಬಿತ್ತು. ಕಬ್ಬಿಣದ್ದಾದ್ರೆ ಕೇಳಿಕೊಂಡೇ ಓಡಿಸ್ಬಹುದು ಅಂತ."

ಜಯಪ್ರಕಾಶ ಎದ್ದ. ಕೂತ. ಮತ್ತೆ ಎದ್ದು ಅಂಗಳದ ತುದಿಯವರೆಗೆ ನಡೆದು, ಅಲ್ಲಿ ಮಾಡಲು ಏನೂ ಇಲ್ಲದೆ ಹಿಂದೆ ಬಂದ. ಗೇರ್‌ಬಾಕ್ಸ್ ಮೊದಲು, ಚೈನು ಆಮೇಲೆ ಎಂದು ಕಣ್ಣಿಲ್ಲದವನಿಗೆ ಏಳು ತಿಂಗಳು ಪಾಠ ಹೇಳಿದ್ದ. ಥೂ, ತನ್ನ ಲೆಕ್ಕವೇ ಎನ್ನಿಸಿತು.

*

ಮೂರು ತಿಂಗಳ ಹಿಂದೆ ಪಾರ್ಸೆಲ್ ಬಂದಾಗ, ಎರಡು ದಿನ ಓಡಿಸಿ ನೋಡಿ ಕಳಿಸುವ ಎಂದೇ ಅವನು ಅದನ್ನು ತನ್ನ ಟ್ಯಾಂಕಿಗೆ ಹಾಕಿದ್ದು. ಇವನ ಟ್ಯಾಂಕಿಗೆ ಸ್ಟೀಲಿನ ಗೇರ್‌ಬಾಕ್ಸ್ ಇತ್ತು, ಭಯವಿರಲಿಲ್ಲ. ಅಂಗಡಿಯ ತಾರಸಿಯಲ್ಲಿ ಓಡಿಸಿದಾಗ ಎದ್ದ ಸದ್ದು ಕೇಳಿ ಮೈಯೆಲ್ಲ ಜುಮ್ಮೆಂದಿತು. ಎರಡು ದಿನ ನಾಲ್ಕಾಯಿತು. ಐದನೆಯ ದಿನ ಸಂಜೆ ಐದಕ್ಕೆ, ಟ್ಯಾಂಕು ಓಡುತ್ತಿರುವಾಗಲೇ ಶಂಭುವಿನ ಫೋನ್ ಬಂತು.

"ಅದೆಂತ ಸದ್ದು?"

"ಎಂತ ಇಲ್ಲ ಮಾರಾಯ. ಒಂದು ಚಕ್ರ ಲೂಸ್ ಆಗಿದೆ."

"ನನ್ನ ಚೈನು?"

"ಕಸ್ಟಮ್ಸಿನಲ್ಲಿ ನಿಂತಿದೆಯಂತೆ."

ಶಂಭು, "ಆಯ್ತು. ಲೂಸ್ ಆದದ್ದನ್ನು ಈಗ ಸರಿ ಮಾಡ್ಬೇಡ. ಇನ್ನೊಮ್ಮೆ ಓಡಿಸು, ಕೇಳುವ" ಎಂದ.

ಮರುದಿನವೂ ಐದು ಗಂಟೆಗೆ ಫೋನ್. ಅದರ ಮರುದಿನವೂ. ನೀನು ಓಡಿಸ್ತಾ ಮಾತಾಡು ಎನ್ನುತ್ತಿದ್ದ. ಚೈನಿನ ಸುದ್ದಿಯನ್ನು ಅವನು ಮತ್ತೆ ಎತ್ತಲೇ ಇಲ್ಲ. ಯಾಕೆ ಎತ್ತಲಿಲ್ಲ ಎಂದು ಜಯಪ್ರಕಾಶನೂ ಯೋಚಿಸಲು ಹೋಗಲಿಲ್ಲ. ಬಚಾವಾದೆ ಎಂದುಕೊಂಡ, ಅಷ್ಟೆ.

*

ಒಳಗೆ ಫ್ರೀಜರ್ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಲೋಲಾಕ್ಷಿ ಅದರ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಜಯಪ್ರಕಾಶ ಅವಳೆದುರು ಕುಕ್ಕರಗಾಲಿನಲ್ಲಿ ಕೂತು ಚೀಲವನ್ನು ನೆಲಕ್ಕಿಟ್ಟ. ಗಾಜಿನೊಳಗಿನ ಮುಖವನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ.

"ಲೋಲಾಕ್ಷಕ್ಕ, ಚೈನು ಬಂದು ಮೂರು ತಿಂಗಳಾಯ್ತು. ನಾನು ಹಾಕಿ ಓಡಿಸ್ತಾ ಇದ್ದೆ. ಶಂಭುವಿಗೆ ಸುಳ್ಳು ಹೇಳಿದೆ." ಚೀಲದ ಬಾಯಿ ಬಿಚ್ಚಿ ಅವಳ ಕಡೆ ಸರಿಸಿದ. "ಕಣ್ಣಿನ ಸಂಗತಿ ನನಗೆ ಗೊತ್ತಿರ್ಲಿಲ್ಲ. ಆದ್ರೂ ನಾನು ಮಾಡಿದ್ದು ದೊಡ್ಡ ತಪ್ಪು."

ಅವಳು ಅವನನ್ನು ನೋಡಿದ ನೋಟದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಸಿಟ್ಟು ಇತ್ತು, ಅದು ಹಳೆಯದು.

"ಇವರಿಗೆ ಮೊದಲ ದಿನವೇ ಗೊತ್ತಾಗಿದೆ. ಫೋನ್ ಇಟ್ಟು, 'ಅದು ಕಬ್ಬಿಣದ ಚೈನೇ. ನನ್ನದೇ' ಅಂದ್ರು. ಅವರ ಹತ್ರ ಕೇಳಿ ತರಿಸಿಕೊಳ್ಳಿ ಅಂತ ನಾನು ದಿನಾ ಜಗಳ ಮಾಡಿದೆ. ನೀವು ಮಾಡಿದ್ದಕ್ಕೆ ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತುಂಟಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"'ಕೇಳಿದ್ರೆ ನಾಳೆಯೇ ಕೊಡ್ತಾನೆ. ಕೊಟ್ಟ ಮೇಲೆ ದಿನಾ ಫೋನ್ ಮಾಡ್ಲಿಕ್ಕೆ ನನ್ನ ಹತ್ರ ಎಂತ ಉಂಟು?' ಅಂತ ಹೇಳಿದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಐದು ಗಂಟೆಗೆ ಫೋನನ್ನು ಸ್ಪೀಕರಿಗೆ ಹಾಕಿ ಜಗಲಿಯಲ್ಲಿ ಕೂತುಕೊಳ್ತಿದ್ರು. ಟ್ಯಾಂಕ್ ಕಪಾಟಿನಲ್ಲೇ, ಕೈಯಲ್ಲಿ ತನ್ನ ರಿಮೋಟ್ ಮಾತ್ರ. ನಿಮ್ಮದು ತಿರುಗಿದ ಸದ್ದು ಬಂದ್ರೆ ಇವರೂ ತಿರುಗಿಸುವುದು. ನಿಂತ್ರೆ ಇವರೂ ನಿಲ್ಲಿಸುವುದು. ನಾನು ಪಕ್ಕದಲ್ಲೇ ಬೀಡಿ ಕಟ್ತಾ ಕೂತಿರ್ತಿದ್ದೆ. ಮೂರು ತಿಂಗಳು ಓಡಿಸಿದ್ದಾರೆ ಅವರು. ನೀವೊಬ್ಬರೇ ಓಡಿಸಿದ್ದಲ್ಲ."

ಜಯಪ್ರಕಾಶ ತಲೆ ತಗ್ಗಿಸಿ ಅತ್ತ. ಬೆಳಗ್ಗಿನಿಂದ ತಡೆದದ್ದೆಲ್ಲ ಬಂತು. ಅವಳು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಸಾಕು. ಕಪಾಟಿನ ಕೆಳಗೆ ಉಂಟು, ತೆಗೀರಿ. ಎತ್ತುವ ಮೊದಲು ಅದನ್ನು ಹಾಕಿ ಒಮ್ಮೆ ಈ ಅಂಗಳದಲ್ಲಿ ಓಡಿಸಿ" ಎಂದಳು.

ಬಾಗಿಲಲ್ಲಿ ನಿಂತಿದ್ದ ರುಕ್ಮಯ್ಯನವರಿಗೆ ಇದನ್ನು ಸಹಿಸಲಾಗಲಿಲ್ಲ. "ಹೆಣ ಇಟ್ಟುಕೊಂಡು ಆಟವಾ ಲೋಲಾಕ್ಷಿ? ನಾಲ್ಕು ಜನ ಎಂತ ಹೇಳ್ಲಿಕ್ಕಿಲ್ಲ?"

"ಹೇಳ್ಲಿ ಅಣ್ಣ. ಅವರ ಚೈನು ಅವರ ಅಂಗಳದಲ್ಲಿ ಒಮ್ಮೆಯಾದ್ರೂ ಓಡ್ಲಿ."

ಜಯಪ್ರಕಾಶ ಜಗಲಿಯಲ್ಲಿ ಟ್ಯಾಂಕನ್ನು ಮಗುಚಿ ಹಾಕಿಕೊಂಡು ಕೂತ. ಪ್ಲಾಸ್ಟಿಕ್ ಚೈನು ಬಿಚ್ಚಿ, ಲೋಹದ್ದನ್ನು ಸುತ್ತು ಹಾಕಿ, ಕೊನೆಯ ಕೊಂಡಿಗೆ ಪಿನ್ನು ಕೂರಿಸಬೇಕು. ಪಿನ್ನು ಮೂರು ಸಲ ಕೆಳಗೆ ಬಿತ್ತು. ಫಯಾಝ್ ಹುಡುಕಿ ಹುಡುಕಿ ಕೊಟ್ಟ. ಸತ್ತ ಮನೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿ ಇತ್ತ ತಿರುಗಿದರು. ಚೀಲದಲ್ಲಿ ತಂದಿದ್ದ ತನ್ನದೇ ಬ್ಯಾಟರಿ ಹಾಕಿ, ಟ್ಯಾಂಕನ್ನು ಅಂಗಳದ ಸಿಮೆಂಟಿಗಿಳಿಸಿ, ಶಂಭುವಿನ ರಿಮೋಟನ್ನು ಕೈಗೆ ತೆಗೆದುಕೊಂಡ. ಚೈನು ಝಣಝಣ ಎನ್ನುತ್ತ ಹೊರಟಿತು. ಜನ ಕಾಲು ಹಿಂದಕ್ಕೆ ಎಳೆದುಕೊಂಡರು.

ಸ್ವಲ್ಪ ದೂರ ಹೋದ ಮೇಲೆ ಅವನು ಕಣ್ಣು ಮುಚ್ಚಿದ. ಸದ್ದು ಕೇಳುತ್ತಿತ್ತು, ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಅದು ಹತ್ತಿರವೋ ದೂರವೋ, ಮುಂದೆ ಕುರ್ಚಿಯಿದೆಯೋ ಗೋಡೆಯಿದೆಯೋ, ಅವನಿಗೆ ಒಂದೂ ತಿಳಿಯಲಿಲ್ಲ. ಆದರೂ ಕಣ್ಣು ಬಿಡಲಿಲ್ಲ.

"ಎಡಕ್ಕೆ ಕೊಡಿ" ಎಂದು ಒಳಗಿನಿಂದ ಲೋಲಾಕ್ಷಿಯ ದನಿ ಬಂತು. "ಅಲ್ಲಿಗೆ ಅಂಗಳ ಮುಗೀತದೆ."

ಜಯಪ್ರಕಾಶ ಕಣ್ಣು ಬಿಟ್ಟ. ಟ್ಯಾಂಕಿನ ಮುಂದೆ ಸಿಮೆಂಟಿನ ಅಂಚು ಒಂದು ಗೇಣು ದೂರದಲ್ಲಿತ್ತು, ಅದರಾಚೆ ತೋಡು. ಬಾಗಿಲಿನೊಳಗೆ ಅವಳು ಅಂಗಳಕ್ಕೆ ಬೆನ್ನು ಹಾಕಿ, ಸದ್ದಿಗೆ ಕಿವಿಗೊಟ್ಟು, ಪೆಟ್ಟಿಗೆಯ ಗಾಜಿನ ಮೇಲೆ ಕೈಯಿಟ್ಟು ಕೂತಿದ್ದಳು. ಅವನು ಎಡಕ್ಕೆ ತಿರುಗಿಸಿದ. ಗಾಜಿನ ಮೇಲೆ ಅವಳ ಬೆರಳುಗಳೂ ಎಡಕ್ಕೆ ಸರಿದವು.