ಹಲಗೆಯ ದರ

"ಖಡು ಎಲ್ಲಿಟ್ಟೀರಿ ವೈನಿ? ಹೊರಗ ಮಂದಿ ಕೂಡಾಕತ್ತೈತಿ," ಎಂದು ಮೈದುನ ವಿಜಯಮಹಾಂತೇಶ ಗಲ್ಲಾಪೆಟ್ಟಿಗೆಯ ಸುತ್ತ ತಡಕಾಡುತ್ತಿದ್ದ. ಸೀಮೆಸುಣ್ಣವನ್ನು ಸಾವಿತ್ರೆವ್ವ ಬೆಳಿಗ್ಗೆಯೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಕೇಳಿಯೂ ಕೇಳದವಳ ಹಾಗೆ ಕರಿಹಲಗೆ ಒರೆಸುತ್ತ ಕೂತಳು.

ಇಳಕಲ್ಲಿನ ಆ ನೂಲಿನ ಓಣಿಗೆ ದೀಪಾವಳಿ ಪಾಡ್ಯವೆಂದರೆ ಈ ಹಲಗೆ. ನೇಕಾರರಿಗೆ ನೂಲು ಉದ್ರಿ ಕೊಡುವ ಐವರು ಸಾಹುಕಾರರಿಗೆ 'ನಿಮ್ಮ ಬಡ್ಡಿ ಈಗ ಎಷ್ಟು?' ಎಂದು ಕೇಳಿ, ನಡುವಿನ ಅಂಕಿಯನ್ನು ಸಾವಿತ್ರೆವ್ವನ ಮನೆಯ ಅಂಗಡಿಯವರು ಬರೆಯಬೇಕು. ವರ್ಷವಿಡೀ ಓಣಿಯ ಉದ್ರಿಗೆಲ್ಲ ಅದೇ ದರ. ಉದ್ರಿಯ ಕಾಗದಗಳಲ್ಲಿ ಅಂಕಿಯೇ ಇರುತ್ತಿರಲಿಲ್ಲ, 'ಹಲಗೆಯ ದರದಂತೆ' ಎಂದಷ್ಟೇ. ಮಾವನ ಕಾಲದ ಪದ್ಧತಿ. ಗಂಡ ತೀರಿದ ಮೇಲೆ ಬರೆಯುವ ಕೈ ಸಾವಿತ್ರೆವ್ವನದಾಯಿತು.

ಐವರಲ್ಲಿ ಇಬ್ಬರು ತೀರಿಹೋದರು, ಒಬ್ಬ ಗ್ರಾನೈಟ್ ವ್ಯಾಪಾರಕ್ಕೆ ಬಿದ್ದ, ಉಳಿದಿಬ್ಬರು ಉದ್ರಿಯನ್ನೇ ಬಿಟ್ಟರು. ಉದ್ರಿ ಕೊಡುವವರೆಂದರೆ ಈಗ ಸಾವಿತ್ರೆವ್ವ, ಮತ್ತೆ ನಾಲ್ಕಾರು ಸಣ್ಣ ಅಂಗಡಿಯವರು. ಅವರೆಲ್ಲ ಇವಳ ಹಲಗೆಯನ್ನೇ ನೋಡುವವರು! ಉದ್ರಿ ಬಿಟ್ಟ ಸಾಹುಕಾರರಿಬ್ಬರು ಮೊದಲು 'ಹೋದ ವರ್ಷದ್ದೇ ಹಾಕ್ರಿ' ಎಂದರು, ಇವಳೂ ಹಾಕಿದಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಹಾಗೆ ಕೇಳದೆಯೇ ನಾಲ್ಕು ವರ್ಷ. ಪೇಟೆಯಲ್ಲಿ ಬಡ್ಡಿ ಒಂದಕ್ಕೆ ಇಳಿದದ್ದು ಕಿವಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ತನಗೇ ಲಾಭ ಬರುವಾಗ ಯಾರು ಕೆದಕುತ್ತಾರೆ?

ಎರಡು ತಿಂಗಳ ಹಿಂದೆ ಅದೇ ಓಣಿಯಲ್ಲಿ ಸೀರೆ ನೇಯುವ ದಾನಮ್ಮ ಬಂದು, ಬಡ್ಡಿ ಕಟ್ಟಲು ಎರಡರಲ್ಲಿ ಒಂದು ಮಗ್ಗ ಮಾರುವುದಾಗಿ ಹೇಳಿ, ಈ ಪಾಡ್ಯಕ್ಕಾದರೂ ದರ ಇಳಿದೀತೇ ಎಂದು ಕೇಳಿದಳು. ಸಾವಿತ್ರೆವ್ವನಿಗೆ ಅವತ್ತಿನಿಂದ ಅನ್ನ ರುಚಿಸಲಿಲ್ಲ. ಮರುವಾರವೇ ಅಂಗಡಿ ಅಂಗಡಿಗೆ ಹೋಗಿ, ಈ ಪಾಡ್ಯದಿಂದ ಹಲಗೆ ಬಂದ್, ನಿಮ್ಮ ದರ ನೀವೇ ಕಾಗದದ ಮೇಲೆ ಬರೆಯಿರಿ ಎಂದು ಹೇಳಿ ಬಂದಳು. ಮುನಿಸು ಇಳಿದರೆ ಸುಮ್ಮನಾಗುತ್ತಾಳೆಂದು ಎಲ್ಲರೂ ನಕ್ಕರು. ಈ ಹೆಂಗಸಿನ ಹಟ ಅವರಿಗೇನು ಗೊತ್ತು!

"ಅಪ್ಪಾರ ಕಾಲದ ಹಲಗಿ ವೈನಿ. ಮನಿತನದ ಮಾನ ಹೋಗ್ತೈತಿ," ಎಂದ ಮೈದುನ.

"ಸುಳ್ಳ ಬರದ ಉಳಿಸಿಕೊಂಡದ್ದ ಎಂಥಾ ಮಾನೋ? ಹಿಡಿ ಇದನ್ನ."

ಖಾಲಿ ಹಲಗೆಯನ್ನೇ ಹೊರಗೆ ತೂಗುಹಾಕಿಸಿದಳು. ಜನ ಮುಖ ಮುಖ ನೋಡಿಕೊಂಡರು. ಸಾವಿತ್ರೆವ್ವ ಗಂಟು ಬಿಚ್ಚಿ ಸೀಮೆಸುಣ್ಣವನ್ನು ಬೆರಳಲ್ಲಿ ಹೊಸಕಿ ಗಟಾರಕ್ಕೆ ಎಸೆದಳು.

"ನಾಕ ವರ್ಷ ಯಾರನ್ನೂ ಕೇಳದನ ಬರದೇನಿ. ತಪ್ಪ ನಂದು. ನನ್ನ ಅಂಗಡಿ ಕಾಗದಾ ಇದ್ದಾವ್ರು ತರ್ರಿ. ಇನ್ನ ಮುಂದ ಒಂದ ರೂಪಾಯಿ. ಹೆಚ್ಚಿಗಿ ಇಸ್ಕೊಂಡದ್ದನ್ನ ನೂಲಿನಾಗ ಮುಟ್ಟಸ್ತೇನಿ."

ಸಣ್ಣ ಅಂಗಡಿಯವರು ಗೊಣಗುತ್ತ ಚದುರಿದರು. ನೇಕಾರರು ಒಬ್ಬೊಬ್ಬರಾಗಿ ಬಂದರು. ಎಲ್ಲರ ಹಿಂದೆ ದಾನಮ್ಮ.

"ಮಗ್ಗ ಹೋದ ವಾರನ ಹೋತ್ರಿ, ಅವ್ವಾರ," ಎಂದು ಮೆಲ್ಲಗೆ ಹೇಳಿ ಕಾಗದ ಚಾಚಿದಳು.

ಸಾವಿತ್ರೆವ್ವನ ಕಣ್ಣು ತುಂಬಿದವು, ಆದರೂ ಪೆನ್ನು ನಿಲ್ಲಲಿಲ್ಲ. 'ಹಲಗೆಯ ದರದಂತೆ' ಎಂಬುದನ್ನು ಹೊಡೆದುಹಾಕಿ ಅಂಕಿ ಬರೆದು, ಕೆಳಗೆ ಸಹಿ ಹಾಕಿದಳು. ಕಾಗದದ ಅಂಚಿನಲ್ಲಿ ಸುಣ್ಣದ ಬೆರಳಚ್ಚು ಮೂಡಿತ್ತು. ದಾನಮ್ಮ ಅದನ್ನು ಒರೆಸಲಿಲ್ಲ. ಹಾಗೆಯೇ ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು, ಉಳಿದೊಂದು ಮಗ್ಗದ ಕಡೆಗೆ ನಡೆದಳು.