ಹಗ್ಗ ಒಯ್ಯುವ ದೋಣಿ

ಅಲೆಗೆ ಇಳಿಸಬೇಕಾದ ದೋಣಿಯನ್ನು ಈಜುಕೊಳದಲ್ಲಿ ಓಡಿಸಿ ಆರಿಸುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಹನ್ನೊಂದು ವರ್ಷ ಅವನ ಕೈಕೆಳಗೆ ದುಡಿದಿದ್ದೇನೆ. ನಮ್ಮ ರಕ್ಷಣಾ ಠಾಣೆಯ ಸಾಹೇಬ ಅವನು. ಕೊರಳಿಗೆ ಸದಾ ಒಂದು ಸ್ಟಾಪ್‌ವಾಚು ತೂಗುಹಾಕಿಕೊಂಡಿರುತ್ತಿದ್ದ. ಅದಕ್ಕೇ ಬೆನ್ನ ಹಿಂದೆ ನಾವೆಲ್ಲ ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದೆವು. ಎದುರಿಗೆ ಸರ್ ಎನ್ನುತ್ತಿದ್ದೆವು. ಹೊಟ್ಟೆಪಾಡು.

ಠಾಣೆ ಇರುವುದು ನದಿ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲಿ. ಅಲ್ಲಿ ನೀರಿನಡಿ ಒಂದು ಮರಳ ದಿಬ್ಬವಿದೆ. ಗಾಳಿ ಎದ್ದ ದಿನ ಮೀನಿನ ದೋಣಿಗಳು ಅದರ ಮೇಲೆ ಹತ್ತಿ ಕೂತುಬಿಡುತ್ತವೆ. ಬಿಡಿಸಲು ಇನ್ನೊಂದು ದೋಣಿ ಹೋದರೆ ಅದೂ ಕೂರುತ್ತದೆ. ಹಾಗಾಗಿ ದಡದಿಂದ ಒಬ್ಬ ಸಣ್ಣ ಹಗ್ಗ ಒಯ್ದು ಈಜಬೇಕು. ಸಿಕ್ಕಿಬಿದ್ದವರು ಆ ಸಣ್ಣ ಹಗ್ಗ ಎಳೆದುಕೊಂಡರೆ ಅದರ ಹಿಂದೆ ದಪ್ಪ ಹಗ್ಗ ಹೋಗುತ್ತದೆ, ಆಮೇಲಿನದನ್ನು ದಡದ ಯಂತ್ರ ನೋಡಿಕೊಳ್ಳುತ್ತದೆ. ಆ ಈಜುವವನು ನನ್ನ ತಮ್ಮ. ಹತ್ತೊಂಬತ್ತು ವರ್ಷಗಳಿಂದ ಅವನೇ. ನಾನು ಠಾಣೆಯ ಹಿಂದಿನ ಷೆಡ್ಡಿನಲ್ಲಿ ಮೋಟಾರು ರಿಪೇರಿ ಮಾಡುವವಳು. ಅವನು ನೀರಿಗಿಳಿದ ಹೊತ್ತಿನಲ್ಲಿ ನಾನು ಒಂದು ಬೋಲ್ಟನ್ನೂ ಸರಿಯಾಗಿ ಬಿಗಿದದ್ದಿಲ್ಲ.

ಹೋದ ವರ್ಷ ಅವನ ಬಲ ಭುಜ ಎರಡನೇ ಸಲ ಕಳಚಿತು. ಮೂಳೆ ಡಾಕ್ಟರಮ್ಮ ಮುಚ್ಚುಮರೆ ಇಲ್ಲದ ಹೆಂಗಸು. “ಇನ್ನೊಂದ್ ಸಲ ಕಳಚಿದ್ರೆ ನನ್ ಕೈಲಿ ಏನೂ ಇಲ್ಲ. ಆಮೇಲೆ ಈ ಕೈ ಅಂಗಿ ತೋಳು ತುಂಬಿಸೋಕೆ ಮಾತ್ರ ಇರುತ್ತೆ,” ಎಂದರು. ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಇನ್ನು ಇವನು ನೀರಿಗಿಳಿಯಕೂಡದು.

ಆಗ ತಲೆಗೆ ಬಂದದ್ದು ರಿಮೋಟ್ ದೋಣಿ. ಒಂದು ಮೀಟರಿನಷ್ಟು ಉದ್ದ, ಬ್ಯಾಟರಿಯಲ್ಲಿ ಓಡುವುದು, ದಡದಲ್ಲಿ ನಿಂತು ನಡೆಸುವುದು. ಮನುಷ್ಯ ಒಯ್ಯುವ ಹಗ್ಗವನ್ನು ಅದು ಒಯ್ದರೆ ಆಯಿತಲ್ಲ? ಗಡಿಯಾರನಿಗೆ ಅರ್ಜಿ ಕೊಟ್ಟೆ. “ಆಟದ ಸಾಮಾನು ಕೇಳ್ತಿದೀಯಲ್ಲಮ್ಮ,” ಎಂದ. ಏಳು ತಿಂಗಳು ಬರೆದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ಮೇಲಿನವರು ಯಾರೋ ಒಪ್ಪಿ ಕಾಗದ ಕಳಿಸಿದ ಮರುದಿನ ಅದೇ ಗಡಿಯಾರ, “ನನ್ ಯೋಜನೆಗೆ ಒಪ್ಪಿಗೆ ಸಿಕ್ಕಿದೆ,” ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ. ಮೈಯೆಲ್ಲ ಉರಿಯಿತು. ದೋಣಿ ಬರಲಿ ಎಂದು ಹಲ್ಲು ಕಚ್ಚಿ ಸುಮ್ಮನಾದೆ.

ಇಂಥ ದೋಣಿ ಮಾರುವ ಅಂಗಡಿಗೆ ನಾನೂ ಗಡಿಯಾರನೂ ಹೋದೆವು. ಅಂಗಡಿಯ ಮುದುಕ ದಪ್ಪ ಕನ್ನಡಕದೊಳಗಿಂದ ನಮ್ಮನ್ನು ನೋಡಿ ಒಂದೇ ಪ್ರಶ್ನೆ ಕೇಳಿದ. “ನೀರು ಎಂಥದ್ದು?”

“ಕೆಟ್ಟದ್ದು,” ಎಂದೆ ನಾನು.

“ಹಾಗಾದ್ರೆ ಈ ಕಡೆ ಬನ್ನಿ.” ಕಪಾಟಿನಿಂದ ಒಂದೊಂದೇ ದೋಣಿ ಇಳಿಸಿ ಬೋರಲು ಹಾಕಿದ. “ಕೊಳ್ಳೋರೆಲ್ಲ ಮೇಲ್ಗಡೆ ಬಣ್ಣ ನೋಡ್ತಾರೆ. ದೋಣಿಗೆ ಹೊಟ್ಟೆ ನೋಡ್ಬೇಕು. ಇದರ ಹೊಟ್ಟೆ ಚಪ್ಪಟೆ, ತಟ್ಟೆ ಇದ್ದ ಹಾಗೆ. ಸುಮ್ನಿರೋ ನೀರಲ್ಲಿ ಹಾರುತ್ತೆ, ಅಲೆಗೆ ಸಿಕ್ರೆ ಗಾಳಿ ಅಡಿಗೆ ಹೋಗಿ ಎತ್ತಿ ಬಿಸಾಕುತ್ತೆ. ಇದು ನೋಡಿ, ಹೊಟ್ಟೆ ಚೂಪಾಗಿದೆ, ಅಲೆ ಸೀಳುತ್ತೆ. ಮಗುಚಿದ್ರೆ ಪಕ್ಕದ ಈ ಗೂಡಿಗೆ ನೀರು ತುಂಬಿ, ಆ ಭಾರಕ್ಕೆ ತಾನೇ ಹೊರಳಿ ಎದ್ದು ನಿಲ್ಲುತ್ತೆ. ಓಟ ಕಮ್ಮಿ. ಚೆಂದಾನೂ ಇಲ್ಲ.”

ನಿಜ, ಚೆಂದವಿರಲಿಲ್ಲ. ಬೂದು ಬಣ್ಣ, ಡುಮ್ಮ ಮೈ. ನನಗೆ ನೋಡಿದ ಕೂಡಲೇ ಹಿಡಿಸಿತು. ಗಡಿಯಾರನ ಕೈ ಆಗಲೇ ಚಪ್ಪಟೆ ಹೊಟ್ಟೆಯ ಕೆಂಪು ದೋಣಿಯ ಮೇಲಿತ್ತು. ಎರಡನ್ನೂ ಪರೀಕ್ಷೆಗೆ ಒಯ್ದು ಒಂದನ್ನು ಹಿಂದಿರುಗಿಸುವುದೆಂದು ಮಾತಾಯಿತು.

ಪರೀಕ್ಷೆಗೆ ಅವನು ಕರೆದುಕೊಂಡು ಹೋದದ್ದು ಊರ ಈಜುಕೊಳಕ್ಕೆ. ಬೂಟು ಒದ್ದೆಯಾಗುವುದಿಲ್ಲವಲ್ಲ. ಕೈಯಲ್ಲಿ ತಾನೇ ಗೀಟು ಹಾಕಿ ಮಾಡಿದ ಒಂದು ಹಾಳೆ. ವೇಗ, ದೂರ, ಬ್ಯಾಟರಿ, ನೋಟ ಎಂದು ನಾಲ್ಕು ಅಂಕಣ. ಕೆಂಪು ದೋಣಿ ಈ ಗೋಡೆಯಿಂದ ಆ ಗೋಡೆಗೆ ಬಾಣದ ಹಾಗೆ ಹೋಯಿತು. ಸ್ಟಾಪ್‌ವಾಚು ಒತ್ತಿದ ಅವನ ಮುಖ ಊರಗಲವಾಯಿತು. ನನ್ನ ಡುಮ್ಮ ಅದರ ಅರ್ಧ ವೇಗದಲ್ಲಿ ಸಾವಕಾಶ ಬಂತು.

“ನೋಡಿದ್ಯಾ?” ಎಂದ ಗಡಿಯಾರ.

“ಇಲ್ಲಿ ಅಲೆ ಎಲ್ಲಿದೆ ಸರ್?”

“ಅಲೆ ನಮ್ ಕೈಲಿಲ್ಲಮ್ಮ. ವೇಗ ನಮ್ ಕೈಲಿದೆ. ಎಷ್ಟು ಬೇಗ ಹೋಗುತ್ತೋ ದಾರಿಲಿ ಅಷ್ಟು ಕಮ್ಮಿ ಅಲೆ ಸಿಗುತ್ತೆ.”

ಇಂಥ ಮಾತಿಗೆ ಮನುಷ್ಯರು ಏನು ಉತ್ತರ ಕೊಡಬೇಕು? ಪಿತ್ತ ನೆತ್ತಿಗೇರಿತು. ಅವನ ಕೈಯಿಂದ ಹಾಳೆ ಕಿತ್ತುಕೊಂಡು, ನನ್ನ ಪೆನ್ನಿನಲ್ಲಿ ಐದನೇ ಅಂಕಣ ಎಳೆದು, ಮೇಲೆ ಅಲೆ ಎಂದು ಬರೆದು, ಎರಡು ದೋಣಿಗೂ ಸೊನ್ನೆ ಹಾಕಿದೆ. “ಮೋಟಾರು ಬಿಚ್ಚೋಳು ನಾನು, ನೀರಿಗೆ ಹೋಗೋನು ನನ್ ತಮ್ಮ. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮನ್ನ ಒಂದು ಮಾತೂ ಕೇಳಲ್ಲ ನೀವು,” ಎಂದೆ. ದೋಣಿಗಳೆರಡನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಟೆ. ಗಡಿಯಾರ, “ಇದು ಶಿಸ್ತಲ್ಲ, ಇದು ಶಿಸ್ತಲ್ಲ,” ಎನ್ನುತ್ತ ಹಿಂದೆ ಬಂದ.

ಅವತ್ತು ಅಳಿವೆಯಲ್ಲಿ ಅಲೆ ಎದೆಯೆತ್ತರ ಇತ್ತು. ಕೆಂಪು ದೋಣಿ ಮೊದಲ ಅಲೆಯನ್ನು ಹಾರಿತು. ಎರಡನೆಯದರಲ್ಲಿ ಅಂಗಾತ ಬಿದ್ದು, ಪ್ರೊಪೆಲ್ಲರನ್ನು ಆಕಾಶಕ್ಕೆ ತೋರಿಸಿ ಕೀರಲು ದನಿಯಲ್ಲಿ ಕೂಗತೊಡಗಿತು. ಗಾಳ ಹಾಕಿ ಎಳೆದುಕೊಂಡೆವು. ಡುಮ್ಮನನ್ನು ಬಿಟ್ಟೆ. ಅದು ಸೀಳಿತು, ಏರಿತು, ಇಳಿಯಿತು. ಒಂದು ಕಡೆ ಮಗುಚಿತು, ಸೊಂಟ ತಿರುವಿ ಎದ್ದಿತು. ಮತ್ತೆ ಮಗುಚಿತು, ಮತ್ತೆ ಎದ್ದಿತು. ಪ್ರತಿ ಸಲ ಎದ್ದಾಗಲೂ ನಾನು ಗಡಿಯಾರನ ಮುಖ ನೋಡುತ್ತಿದ್ದೆ. ಹೇಳಬೇಕೆಂದರೆ ದೋಣಿಗಿಂತ ಹೆಚ್ಚು ಆ ಮುಖವನ್ನೇ ನೋಡಿದೆ. ಸಂಜೆಯೊಳಗೆ ಅವನು ಸಹಿ ಹಾಕಿದ.

ಮನೆಯಲ್ಲಿ ವಿಷಯ ಹೇಳಿದಾಗ ತಮ್ಮ ಬಟ್ಟೆ ಮಡಚುತ್ತಿದ್ದ, ಒಂದೇ ಕೈಯಲ್ಲಿ. ಅವನ ಹೆಂಡತಿ ಎದುರಿಗೆ ಕೂತು ಇನ್ನೊಂದು ತುದಿ ಹಿಡಿದಿದ್ದಳು.

“ಅಕ್ಕಾ, ನಾಳೆ ನಾನೂ ಬರ್ಲಾ? ದೋಣಿ ನೋಡ್ಬೇಕು.”

“ನೀನು ನೀರಿನ ಕಡೆ ತಲೆ ಹಾಕಿ ಮಲಗೋದೂ ಬೇಡ.”

“ಬರೀ ನೋಡ್ತೀನಿ.”

“ನೋಡೋಕೇನಿದೆಯೋ? ಮೋಟಾರು, ಬ್ಯಾಟರಿ, ವೈರು. ನಿಂಗೇನ್ ಗೊತ್ತಾಗುತ್ತೆ ಅದ್ರಲ್ಲಿ?”

“ಅದೂ ಸರಿ,” ಎಂದು ಅವನು ಮಡಚಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಚಿದ. ಅವನ ಹೆಂಡತಿ, “ಅತ್ತಿಗೆ ನೋಡ್ಕೋತಾರೆ ಬಿಡಿ,” ಎಂದಳು. ಅವಳ ಮುಖದಲ್ಲಿ ವರ್ಷದ ಮೇಲೆ ನಾನು ಕಂಡ ಮೊದಲ ನೆಮ್ಮದಿ ಅದು.

ಮರುದಿನ ಷೆಡ್ಡಿನಲ್ಲಿ ಡುಮ್ಮನ ಹಿಂದಿನ ಹಲಗೆಗೆ ರಂಧ್ರ ಕೊರೆದು ಒಂದು ಸ್ಟೀಲಿನ ಬಳೆ ತಿರುಪಿ ಕೂರಿಸಿದೆ. ನೀರು ಒಸರದಂತೆ ಅಂಟು ತುಂಬಿದೆ. ಬಳೆಗೆ ಹಗ್ಗ ಕಟ್ಟಿದೆ. ಆ ವಾರವೆಲ್ಲ ಸಮುದ್ರ ಸತ್ತ ಹಾಗೆ ಮಲಗಿತ್ತು. ಠಾಣೆಯ ಹಿಂದಿನ ಹಿನ್ನೀರಿನಲ್ಲೇ ಬಿಟ್ಟು ನೋಡಿದೆ. ಹಗ್ಗ ಎಳೆದುಕೊಂಡು ನೆಟ್ಟಗೆ ಹೋಯಿತು, ತಿರುಗಿ ಬಂತು. ಸಾಕು ಎಂದುಕೊಂಡು ಬ್ಯಾಟರಿ ಚಾರ್ಜಿಗೆ ಹಾಕಿದೆ.

ಬಳೆ ಕೂರಿಸಿದ ಹದಿನಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಸೈರನ್ ಕೂಗಿತು. ದಿಬ್ಬದ ಮೇಲೆ ಒಂದು ಮೀನಿನ ದೋಣಿ ವಾಲಿಕೊಂಡು ಕೂತಿತ್ತು, ಮೂರು ಜನ ಅಂಚು ಹಿಡಿದು ನೇತಾಡುತ್ತಿದ್ದರು. ಡುಮ್ಮನನ್ನು ನಾನೇ ನೀರಿಗೆ ಬಿಟ್ಟೆ. ಅದರ ಮೇಲೆ ಅಷ್ಟು ನಂಬಿಕೆ.

ಮೂವತ್ತು ಮೀಟರು ಹೋದ ಮೇಲೆ ಅಲೆ ಹಗ್ಗಕ್ಕೆ ಹೊಡೆಯಿತು. ಹಗ್ಗ ಜಗ್ಗಿತು. ಡುಮ್ಮನ ಬಾಲ ಮುಳುಗಿ ಮೂತಿ ಆಕಾಶಕ್ಕೆ ಎದ್ದಿತು. ಚುಕ್ಕಾಣಿ ತಿರುಗಿಸಿದರೆ ದೋಣಿ ತಿರುಗಲಿಲ್ಲ. ಬಾಲ ಕಟ್ಟಿಹಾಕಿದ ಎಮ್ಮೆಯ ಹಾಗೆ ನಿಂತಲ್ಲೇ ಒದ್ದಾಡಿತು. ಮುಂದಿನ ಅಲೆ ಅಡ್ಡಲಾಗಿ ಉರುಳಿಸಿತು. ಎದ್ದಿತು. ಇನ್ನೊಂದು ಉರುಳಿಸಿತು. ಈ ಸಲ ಎದ್ದಾಗ ಹಗ್ಗ ಪ್ರೊಪೆಲ್ಲರಿಗೆ ಸುತ್ತಿತ್ತು. ಮೋಟಾರು ನಿಂತಿತು. ನಾನು ರಿಮೋಟನ್ನು ಒತ್ತುತ್ತಲೇ ಇದ್ದೆ, ದೋಣಿಗೆ, ದೇವರಿಗೆ, ಆ ಮುದುಕನಿಗೆ, ಗಡಿಯಾರನಿಗೆ ಬಾಯಿಗೆ ಬಂದದ್ದನ್ನೆಲ್ಲ ಬಯ್ಯುತ್ತ.

ಯಾರೋ ಇನ್ನೊಂದು ಹಗ್ಗದ ಸುರುಳಿ ಎತ್ತಿಕೊಂಡು ನನ್ನ ಪಕ್ಕದಿಂದ ಹಾದುಹೋದರು. ನೋಡುವಷ್ಟರಲ್ಲಿ ತಮ್ಮ ಸೊಂಟದ ನೀರಿನಲ್ಲಿದ್ದ. ಸೈರನ್ ಮನೆಗೂ ಕೇಳಿಸುತ್ತದೆ; ಅದನ್ನು ನಾನು ಹೇಗೆ ಮರೆತೆನೋ. “ಬೇಡ ಕಣೋ,” ಎಂದು ಕಿರುಚಿದೆ. ಅವನು ಹಿಂತಿರುಗಲಿಲ್ಲ.

ಹಗ್ಗ ತಲುಪಿತು. ಮೂವರೂ ಬದುಕಿದರು. ತಮ್ಮನನ್ನು ದಡಕ್ಕೆ ಎಳೆದಾಗ ಬಲಗೈ ಅವನದಲ್ಲವೆಂಬಂತೆ ಮರಳಿನ ಮೇಲೆ ಹಿಂದೆ ಉಳಿಯಿತು.

ಡಾಕ್ಟರಮ್ಮ ಆ ಕೈಯನ್ನು ಎದೆಗೆ ಬಿಗಿದು ಕಟ್ಟಿ, “ನಾನ್ ಹೇಳಿದ್ದೆ,” ಎಂದರು. ವಾರ್ಡಿನಲ್ಲಿ ಅವನ ಹೆಂಡತಿ ಕಿಟಕಿಯ ಹತ್ತಿರ ನಿಂತಿದ್ದಳು. ನಾನು ಬಂದಾಗ ಲೋಟ ತೊಳೆಯುವ ನೆಪ ಮಾಡಿ ಹೊರಗೆ ಹೋದಳು. ಆಮೇಲೆ ಗಡಿಯಾರ ಬಂದ, ಕಂಕುಳಲ್ಲಿ ಫೈಲು.

“ವರದಿಲಿ ದೋಣಿ ಆಯ್ಕೆ ನಿಂದೇ ಅಂತ ಬರೆದಿದೀನಮ್ಮ. ಇದ್ದದ್ದು ಇದ್ದ ಹಾಗೆ.”

“ಎದ್ದೋಗಿ ಇಲ್ಲಿಂದ,” ಎಂದೆ. ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು. ಅವನು ಹೋದ. ಅವನು ಬರೆದದ್ದು ಸುಳ್ಳಲ್ಲವಲ್ಲ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು.

ತಮ್ಮ ಚಾವಣಿ ನೋಡುತ್ತ ಮಲಗಿದ್ದ. “ಹಗ್ಗ ಎಲ್ಲಿ ಕಟ್ಟಿದ್ದೆ ಅಕ್ಕಾ?”

“ಹಿಂದೆ.”

“ಹಿಂದೆ ಅಂದ್ರೆ?”

“ಹಿಂದೆ ಅಂದ್ರೆ ಹಿಂದೆ ಕಣೋ. ಬಾಲಕ್ಕೆ. ಎಳೆಯೋಕೆ ಇನ್ನೆಲ್ಲಿ ಕಟ್ತಾರೆ?”

ಅವನು ನನ್ನ ಕಡೆ ಮುಖ ತಿರುಗಿಸಿದ. ಇಷ್ಟು ವರ್ಷಗಳಲ್ಲಿ ಅವನ ಕಣ್ಣಲ್ಲಿ ನನ್ನ ಮೇಲೆ ಸಿಟ್ಟು ಕಂಡದ್ದು ಅದೇ ಮೊದಲು. “ಕಾಲಿಗೆ ಹಗ್ಗ ಕಟ್ಕೊಂಡು ಯಾರಾದ್ರೂ ಈಜ್ತಾರಾ? ಅಲೆ ಹಗ್ಗಕ್ಕೆ ಹೊಡೆದ್ರೆ ಕಾಲು ಮುಳುಗುತ್ತೆ, ತಲೆ ಮೇಲೆದ್ದು ಬಿಡುತ್ತೆ, ಎಡಕ್ಕೂ ತಿರುಗಕ್ಕಾಗಲ್ಲ, ಬಲಕ್ಕೂ ಆಗಲ್ಲ. ನಾನು ಬೆನ್ನಿಗೆ ಕಟ್ಕೋತೀನಿ, ಮೈಯ ನಡುಮಧ್ಯಕ್ಕೆ. ಹಗ್ಗ ಎತ್ತ ಜಗ್ಗಿದ್ರೂ ತಿರುಗ್ಬಹುದು. ಮೊದಲನೇ ವಾರದಲ್ಲೇ ಕಲಿತಿದ್ದು ಇದು.”

“ಮೊದಲೇ ಯಾಕೋ ಹೇಳಲಿಲ್ಲ?”

“ಕೇಳಿದ್ಯಾ?”

ಪಕ್ಕದವರ ತಟ್ಟೆಯ ನೊಣ ಎಣಿಸುತ್ತ ಕೂತವಳ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು. ಈಜುಕೊಳದಲ್ಲಿ ಪರೀಕ್ಷೆ ಮಾಡಿದನೆಂದು ಊರೆಲ್ಲ ಕೇಳುವಂತೆ ಕೂಗಾಡಿದವಳು ನಾನು. ಹಗ್ಗವನ್ನು ಹಿನ್ನೀರಿನಲ್ಲಿ ಪರೀಕ್ಷೆ ಮಾಡಿದವಳೂ ನಾನು. ಐದನೇ ಅಂಕಣ ಎಳೆದ ಪೆನ್ನಿಗೆ ಹಗ್ಗ ಎಂದು ಆರನೆಯದು ಎಳೆಯಲು ಏನು ದಾಡಿಯಾಗಿತ್ತು?

ಔಷಧಿ ಚೀಟಿಯ ಹಿಂದೆ ದೋಣಿಯ ಚಿತ್ರ ಬರೆದು ಅವನ ಎದೆಯ ಮೇಲೆ ಇಟ್ಟೆ. ಅವನು ಎಡಗೈಯಲ್ಲಿ ಪೆನ್ನು ಹಿಡಿದು, ನಡುವಿನಿಂದ ಒಂಚೂರು ಹಿಂದಕ್ಕೆ ಒಂದು ಚುಕ್ಕೆ ಇಟ್ಟ. ಚುಕ್ಕೆ ಸೊಟ್ಟಗಿತ್ತು.

ಎಂಟು ದಿನಗಳ ನಂತರ ಅಲೆ ಎದ್ದಾಗ ಡುಮ್ಮನನ್ನು ಒಯ್ದೆ. ಬಳೆಯನ್ನು ಹಳೆಯ ಜಾಗದಿಂದ ಕಿತ್ತು ಆ ಚುಕ್ಕೆಯ ಜಾಗದಲ್ಲಿ, ದೋಣಿಯ ಬೆನ್ನ ಮೇಲೆ ಕೂರಿಸಿದ್ದೆ. ಅಳೆದು ನೋಡಿದ್ದೆ, ಎರಡು ಗೇಣು ಮುಂದೆ. ಹಗ್ಗ ಕಟ್ಟಿ ಬಿಟ್ಟೆ. ಅವತ್ತಿನಷ್ಟೇ ಎತ್ತರದ ಅಲೆ. ಹಗ್ಗ ಜಗ್ಗಿತು, ಡುಮ್ಮ ಒಮ್ಮೆ ಸೊಂಟ ತಿರುವಿತು, ಮತ್ತೆ ಮೂತಿ ನೆಟ್ಟಗೆ ಮಾಡಿಕೊಂಡು ಹೊರಟಿತು. ಐವತ್ತು ಮೀಟರು. ನೂರು. ಅದು ಮುಂದೆ ಹೋದಷ್ಟೂ ನನ್ನ ಸಿಟ್ಟು ಏರುತ್ತಿತ್ತು. ಮಗುಚಬಾರದೇ ಇದು, ಮುಳುಗಿ ಹೋಗಬಾರದೇ, ಏನು ಮಾಡಿದ್ದರೂ ಇದರಿಂದ ಆಗುತ್ತಿರಲಿಲ್ಲ ಎಂದಾಗಲಿ ಎಂದು ನಾನು ನಿಜವಾಗಿ ಬಯಸಿದೆ.

ಅದು ಮೊದಲ ಸಲಕ್ಕೇ ದಿಬ್ಬ ಮುಟ್ಟಿತು.